ಮಾತೆರದಲ್ಲಿ ಕಂಡ ಗ್ವಾದಲಿ

ಪರದೇಶಕ್ಕೆ ಹೋಗಿ ಬಂದವರ ಮನೆಗೆ ಓಣಿಯ ಹೆಂಗಸರು ಬಂದು ಕೂತರೆಂದರೆ ಮೊದಲು ಕೇಳುವ ಪ್ರಶ್ನೆ ಒಂದೇ, 'ಏನೇನು ನೋಡಿದಿರಿ?' ನಾನು ರೋಮಿನ ಕೊಲೋಸಿಯಂ, ವ್ಯಾಟಿಕನ್ನಿನ ಗುಮ್ಮಟ ಎಂದು ಪಟ್ಟಿ ಬಿಚ್ಚುವಷ್ಟರಲ್ಲಿ ನಮ್ಮ ಅತ್ತೆಯವರು ಒಳಗಿನ ಕೋಣೆಯಿಂದಲೇ ಹೇಳಿಬಿಡುತ್ತಾರೆ: 'ಗ್ವಾದಲಿ ನೋಡಿ ಬಂದ್ವಿ ನೋಡ್ರಿ. ನಮ್ಮನ್ಯಾಗ ಇದ್ದಂಥಾದ್ದೇ.'

ಬಂದವರು ನಗುತ್ತಾರೆ. ಲಕ್ಷಗಟ್ಟಲೆ ಖರ್ಚು ಮಾಡಿ, ಏಳು ಸಮುದ್ರ ದಾಟಿ, ದನಕ್ಕೆ ಮೇವು ಹಾಕುವ ತೊಟ್ಟಿ ನೋಡಿ ಬಂದರಂತೆ ಎಂದು. ಮೊದಮೊದಲು ನಾನೂ ನಗುತ್ತಿದ್ದೆ. ಆಮೇಲೆ ಅತ್ತೆಯವರು ಹೇಳುವುದೇ ಸರಿ ಅನ್ನಿಸತೊಡಗಿತು. ಆ ಪ್ರವಾಸದಲ್ಲಿ ನಾನು ನಿಜವಾಗಿ ನೋಡಿದ್ದು ಅದನ್ನೇ.

ನನ್ನ ಮಗ ಸಂಶೋಧನೆಗೆಂದು ಎರಡು ವರ್ಷ ಇಟಲಿಯ ದಕ್ಷಿಣದ ಬಾರಿ ಎಂಬ ಬಂದರು ಪಟ್ಟಣದಲ್ಲಿದ್ದ. 2023ರ ಸೆಪ್ಟೆಂಬರಿನಲ್ಲಿ ನಾವು ನಾಲ್ವರು ಅವನಲ್ಲಿಗೆ ಹೋದೆವು. ನಾನು, ನನ್ನವರು, ಕಾಲೇಜು ಓದುವ ಮಗಳು, ಮತ್ತು ಎಪ್ಪತ್ತೇಳು ವರ್ಷದ ಅತ್ತೆಯವರು. ರೋಮ್ ನೋಡಿ ಬಂದು ಕಾಲು ಸೋತಿದ್ದವು. ಅಷ್ಟರಲ್ಲಿ ಮಗ, 'ಇಲ್ಲೇ ಅರವತ್ತೈದು ಕಿಲೋಮೀಟರ್ ದೂರದಲ್ಲಿ ಗುಡ್ಡದ ಮೇಲೊಂದು ಊರಿದೆ, ಮಾತೆರ ಅಂತ. ಜಗತ್ತಿನಲ್ಲೇ ಬಹಳ ಹಳೆಯ ವಸತಿಗಳಲ್ಲಿ ಒಂದು. ಜನ ಗವಿಗಳಲ್ಲಿ ವಾಸ ಮಾಡ್ತಿದ್ರು' ಎಂದ. ಗವಿ ಎಂದೊಡನೆ ನನಗೆ ಬಾದಾಮಿ ನೆನಪಾಯಿತು. ಕೆತ್ತನೆಯ ಕಂಬಗಳು, ಹದಿನೆಂಟು ಕೈಯ ನಟರಾಜ. ಅಂಥದ್ದೇನೋ ಇರಬೇಕೆಂದುಕೊಂಡು ಹೊರಟೆ.

ಬಾರಿಯಿಂದ ಹೊರಟ ಚಿಕ್ಕ ರೈಲು ಆಲಿವ್ ತೋಟಗಳನ್ನು ದಾಟಿ, ಕಟಾವು ಮುಗಿದ ಗೋದಿ ಹೊಲಗಳ ನಡುವೆ ಸಾಗಿತು. ಗಿಡಮರ ಕಡಿಮೆ, ಎಲ್ಲಿ ನೋಡಿದರೂ ಬಿಳಿಗಲ್ಲು, ಒಣಗಿದ ಕೂಳೆ. 'ನಮ್ಮ ರೋಣದ ಕಡೀಗೆ ಹೊಂಟ್ಹಂಗ ಐತಿ' ಎಂದರು ಅತ್ತೆಯವರು. ಇಳಿದ ಮೇಲೆ ಕಂಡದ್ದು ಮಾಮೂಲಿ ಪೇಟೆ. ಅಂಗಡಿ, ಬ್ಯಾಂಕು, ಅಗಲವಾದ ಚೌಕ. ಇದಕ್ಕೇ ಇಷ್ಟು ದೂರ ಬಂದೆವೇ ಅಂದುಕೊಳ್ಳುತ್ತಾ ಚೌಕದ ಅಂಚಿನ ಕಮಾನಿನ ಹತ್ತಿರ ಹೋಗಿ ನಿಂತೆ. ಕೆಳಗೆ ನೋಡಿದವಳು ಹಾಗೇ ನಿಂತುಬಿಟ್ಟೆ.

ಕಾಲ ಬುಡದಲ್ಲೇ ನೆಲ ಕುಸಿದು ಬಿದ್ದಂತಿತ್ತು. ಇಳಿಜಾರಿನ ತುಂಬಾ ಒಂದರ ಮೇಲೊಂದು ಪೇರಿಸಿದಂತೆ ಕಲ್ಲಿನ ಮನೆಗಳು. ಒಂದು ಮನೆಯ ಮಾಳಿಗೆಯೇ ಮೇಲಿನ ಮನೆಯ ಅಂಗಳ, ಇನ್ನೊಂದರ ಮಾಳಿಗೆಯ ಮೇಲೆ ಓಡಾಡುವ ದಾರಿ. ಮುಂಭಾಗ ಕಟ್ಟಿದ್ದು, ಹಿಂಭಾಗ ಗುಡ್ಡದೊಳಗೇ ಕೊರೆದದ್ದು. ನೆತ್ತಿಯ ಮೇಲೆ 1270ರಲ್ಲಿ ಮುಗಿದ ದೊಡ್ಡ ಇಗರ್ಜಿ. ಅದರ ಎರಡೂ ಪಕ್ಕದ ಇಳುಕಲುಗಳಿಗೆ 'ಸಸ್ಸಿ' ಎಂದು ಹೆಸರು. ಹಾಗೆಂದರೆ ಕಲ್ಲುಗಳು ಎಂದಷ್ಟೇ ಅರ್ಥ. ಅದರಾಚೆ ಆಳವಾದ ಕಣಿವೆ, ತಳದಲ್ಲಿ ತೊರೆ. ಎದುರಿನ ದಿಬ್ಬದ ಮೈಯಲ್ಲಿ ಜೇನುಗೂಡಿನಂತೆ ಕಪ್ಪು ಕಪ್ಪು ಗವಿಬಾಯಿಗಳು. ಆ ಸುತ್ತಿನಲ್ಲಿ ಶಿಲಾಯುಗದಿಂದಲೂ ಮನುಷ್ಯರು ಇದ್ದ ಕುರುಹುಗಳು ಸಿಕ್ಕಿವೆ. ಆಮೇಲೆ ಸನ್ಯಾಸಿಗಳು ಬಂದು ಗವಿಗಳಲ್ಲೇ ಗುಡಿ ಮಾಡಿಕೊಂಡು ಗೋಡೆಗೆ ದೇವಮಾತೆಯ ಚಿತ್ರ ಬರೆದರು. ಅಂಥ ಕಲ್ಲುಗುಡಿಗಳೇ ಸುತ್ತಮುತ್ತ ನೂರೈವತ್ತಕ್ಕೂ ಹೆಚ್ಚಿವೆ.

'ಎಷ್ಟು ಚೆಂದ!' ಎಂದು ಮಗಳು ಫೋನು ತೆಗೆದಳು. ಗವಿಯೊಂದನ್ನು ಹೋಟೆಲು ಮಾಡಿದ್ದರು, ಬಾಗಿಲಲ್ಲಿ ಮೇಣದ ಬತ್ತಿ, ಲ್ಯಾವೆಂಡರ್ ಕುಂಡ. ಒಂದು ರಾತ್ರಿಗೆ ಅಲ್ಲಿ ತಂಗಲು ಕೇಳುವ ಬಾಡಿಗೆಯಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಒಂದು ತಿಂಗಳ ಸಂಸಾರ ನಡೆಯುತ್ತದೆ. 'ಅಮ್ಮಾ, ಇಂಥ ಮನೆಯಲ್ಲಿ ಇರಬೇಕು ನೋಡು' ಎಂದಳು. ಅತ್ತೆಯವರು ಮಾತಾಡಲಿಲ್ಲ. ಮೊಣಕಾಲ ಮೇಲೆ ಕೈಯೂರಿ ಮೆಟ್ಟಿಲಿಳಿಯತೊಡಗಿದರು.

ಕೆಳಗಿನ ಓಣಿಯಲ್ಲಿ, ಹಿಂದಿನ ಕಾಲದ ಸಂಸಾರ ಹೇಗಿತ್ತೆಂದು ತೋರಿಸಲು ಒಂದು ಗವಿಮನೆಯನ್ನು ಇದ್ದಂತೆಯೇ ಇಟ್ಟಿದ್ದಾರೆ. 1950ರ ದಶಕದವರೆಗೆ ಅಲ್ಲಿ ಒಂದು ಕುಟುಂಬ ವಾಸವಾಗಿತ್ತು. ಒಳಗೆ ಹೋದರೆ ಒಂದೇ ಒಂದು ಉದ್ದನೆಯ ಕೋಣೆ. ಬೆಳಕು ಬರುವುದು ಬಾಗಿಲಿನಿಂದ, ಅದರ ಮೇಲಿನ ಕಿಂಡಿಯಿಂದ ಅಷ್ಟೇ. ಬಾಗಿಲ ಬಳಿ ಅಡಿಗೆ, ಒಂದು ಚಿಕ್ಕ ಮೇಜು, ಅದರ ಮೇಲೆ ಒಂದೇ ದೊಡ್ಡ ತಟ್ಟೆ. ಎಲ್ಲರೂ ಅದರಲ್ಲೇ ಉಣ್ಣುವುದು. ಎತ್ತರದ ಮಂಚ, ಮೆಕ್ಕೆಜೋಳದ ಸಿಪ್ಪೆ ತುಂಬಿದ ಹಾಸಿಗೆ, ಮಂಚದ ಕೆಳಗೆ ಕೋಳಿಗಳು. ಬಟ್ಟೆಯಿಡುವ ಪೆಟ್ಟಿಗೆಯ ಕೆಳಗಿನ ಖಾನೆಯನ್ನು ಎಳೆದರೆ ಅದೇ ಹಸುಗೂಸಿನ ತೊಟ್ಟಿಲು. ಮೂಲೆಯಲ್ಲಿ ಮಗ್ಗ. ಎಲ್ಲಕ್ಕೂ ಹಿಂದೆ, ಕತ್ತಲಲ್ಲಿ, ಹೇಸರಗತ್ತೆಯ ಜಾಗ. ರೈತನಿಗೆ ಅದೇ ಬಂಡವಾಳ. ಚಳಿಗಾಲದಲ್ಲಿ ಅದರ ಮೈಶಾಖವೇ ಮನೆಯವರಿಗೂ ಬಿಸಿ.

ಮಗ ಇದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದಂತೆ ಅತ್ತೆಯವರು ನೇರವಾಗಿ ಹಿಂದಕ್ಕೆ ನಡೆದು, ಕೈಯಿಂದ ಕಲ್ಲನ್ನು ಸವರಿ, 'ಗ್ವಾದಲಿ!' ಎಂದರು. ಅವರ ದನಿಯಲ್ಲಿ ಗೆಳತಿ ಸಿಕ್ಕಂಥ ಸಂತೋಷವಿತ್ತು. 'ನೋಡs ಇಲ್ಲಿ ಅಂಚು ಹೆಂಗ ನುಣ್ಣಗಾಗೇತಿ. ದನ ಕುತ್ತಿಗಿ ಇಟ್ಟು ಇಟ್ಟು ಹಿಂಗ ಆಗೋದು. ನಮ್ಮನೀದೂ ಹಿಂಗ ಆಗಿತ್ತು.'

ನನ್ನ ಮುಖ ಬಿಸಿಯಾಯಿತು. ಯಾಕೆಂದು ಹೇಳಬೇಕಾದರೆ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

ನಾನು ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. 1992ರಲ್ಲಿ ಮದುವೆಯಾಗಿ ರೋಣ ತಾಲ್ಲೂಕಿನ ಹಳ್ಳಿಗೆ ಕಾಲಿಟ್ಟಾಗ ತಲೆಬಾಗಿಲು ದಾಟಿದೊಡನೆ ಮೊದಲು ಎದುರಾದದ್ದು ಎತ್ತುಗಳು. ನಮ್ಮ ಕಡೆಯ ಹಳೆಯ ಮನೆಗಳು ಹಾಗೇ. ಬಾಗಿಲೊಳಗೆ ತಗ್ಗಿನಲ್ಲಿ ದನ, ಅಲ್ಲಿಂದ ಮೂರು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ಅಡಿಗೆಮನೆ, ದೇವರಮನೆ. ಮಣ್ಣಿನ ಮಾಳಿಗೆ, ಬೆಳಕಿಗೆ ಅಲ್ಲೊಂದು ಇಲ್ಲೊಂದು ಬೆಳಕಿಂಡಿ. ನಾನು ಸೆರಗನ್ನು ಮೂಗಿಗೆ ಹಿಡಿದೇ ಒಳಗೆ ಹೋದೆ. ಜೊತೆಗೆ ಬಂದಿದ್ದ ನನ್ನ ಕಡೆಯ ಹೆಂಗಸೊಬ್ಬರು, 'ದನದ ಜೋಡಿ ಮಲಗೋ ಮನೀಗೆ ಕೊಟ್ಟರಲ್ಲ ಹುಡುಗೀನ' ಎಂದು ಎಲ್ಲರಿಗೂ ಕೇಳುವಂತೆ ಅಂದರು. ಆರತಿ ತಟ್ಟೆ ಹಿಡಿದು ನಿಂತಿದ್ದ ಅತ್ತೆಯವರ ಕೈ ಒಂದು ಗಳಿಗೆ ನಿಂತದ್ದನ್ನು ನಾನು ನೋಡಿದೆ. ಅವರ ಪರವಾಗಿ ಒಂದು ಮಾತೂ ಆಡಲಿಲ್ಲ. ಆ ಹೆಂಗಸು ಹೇಳಿದ್ದು ನನ್ನ ಮನಸ್ಸಿನ ಮಾತೇ ಆಗಿತ್ತು.

ನಾಲ್ಕು ವರ್ಷದಲ್ಲಿ, ಮಾವನವರು ತೀರಿಕೊಂಡ ಮೇಲೆ, ನಾನು ಹಟ ಹಿಡಿದು ಎತ್ತು ಮಾರಿಸಿ, ಮನೆಗೆ ಬೀಗ ಹಾಕಿಸಿ, ಅತ್ತೆಯವರನ್ನು ಹುಬ್ಬಳ್ಳಿಯ ಎರಡನೇ ಮಹಡಿಯ ಮನೆಗೆ ಕರೆದುಕೊಂಡು ಬಂದೆ. ಅವರ ಒಳ್ಳೆಯದಕ್ಕೇ ಎಂದು ಎಲ್ಲರಿಗೂ ಹೇಳಿದೆ. ಅವರನ್ನು ಮಾತ್ರ ಕೇಳಲಿಲ್ಲ.

ಮಾತೆರದ ಕಥೆಯೂ ಹೀಗೇ ಇದೆ. ಅದನ್ನು ಮಗ ಮೆಟ್ಟಿಲಿನ ಮೇಲೆ ಕೂತು ನಮಗೆ ಹೇಳಿದ. ಊರಿಗೆ ಬಂದ ಮೇಲೆ ನಾನೂ ಹುಡುಕಿ ಓದಿಕೊಂಡೆ.

ಈ ಊರು ಮೊದಲಿನಿಂದಲೂ ದರಿದ್ರವಾಗಿರಲಿಲ್ಲ. 1663ರಿಂದ 1806ರವರೆಗೆ ಇದು ಬಸಿಲಿಕಾತ ಪ್ರಾಂತದ ರಾಜಧಾನಿಯೇ ಆಗಿತ್ತು. ಇದರ ನಿಜವಾದ ಜಾಣತನ ಕಾಣುವುದು ನೀರಿನ ವ್ಯವಸ್ಥೆಯಲ್ಲಿ. ಗುಡ್ಡದ ಮೇಲೆ ಬಾವಿ ತೋಡಿದರೆ ನೀರು ಸಿಗದು, ಕಣಿವೆಯ ತೊರೆ ಬಲು ಕೆಳಗೆ. ಹಾಗಾಗಿ ಮಾಳಿಗೆಯ ಮೇಲೆ ಬಿದ್ದ ಮಳೆನೀರನ್ನು ಕಾಲುವೆಗಳಲ್ಲಿ ಹರಿಸಿ, ಗಂಟೆಯಾಕಾರದಲ್ಲಿ ಕೊರೆದ ಹಗೇವುಗಳಂಥ ತೊಟ್ಟಿಗಳಲ್ಲಿ ತುಂಬಿಸುತ್ತಿದ್ದರು. ಮೆದುಗಲ್ಲು ನೀರು ಹೀರದಂತೆ ಹೆಂಚಿನ ಪುಡಿ ಬೆರೆಸಿದ ಗಾರೆ ಬಳಿಯುತ್ತಿದ್ದರು. ನಾವು ಮೊದಲು ನಿಂತಿದ್ದ ಚೌಕದ ಅಡಿಯಲ್ಲೇ ಒಂದು ಭಾರೀ ತೊಟ್ಟಿಯಿದೆ. ಸುಮಾರು ಐವತ್ತು ಲಕ್ಷ ಲೀಟರ್ ಹಿಡಿಯುವಂಥದ್ದು. 1920ರ ದಶಕದಲ್ಲಿ ನಳದ ನೀರು ಬಂದ ಮೇಲೆ ಜನ ಅದನ್ನು ಮರೆತೇಬಿಟ್ಟಿದ್ದರು. 1991ರಲ್ಲಿ ಚೌಕ ದುರಸ್ತಿ ಮಾಡುವಾಗ ಅದು ಮತ್ತೆ ಬೆಳಕಿಗೆ ಬಂತು. ಒಳಗಿಳಿದು ನೋಡಿದೆವು. ದೇವಸ್ಥಾನದ ಮಂಟಪದಂತೆ ಎತ್ತರದ ಕಮಾನುಗಳು, ತಣ್ಣನೆಯ ಗಾಳಿ. 'ಇಷ್ಟು ನೀರು ಮನೀ ಮುಂದ ಇದ್ದಿದ್ರ ನನ್ನ ತಲೀ ಮ್ಯಾಲಿನ ಕೂದಲಾ ಉಳೀತಿದ್ದು' ಎಂದರು ಅತ್ತೆಯವರು. ಮದುವೆಯಾದ ಹೊಸದರಲ್ಲಿ ಅವರು ಕೆರೆಯಿಂದ ದಿನಕ್ಕೆ ಹತ್ತು ಕೊಡ ಹೊತ್ತವರು.

ಐದಾರು ಗವಿಮನೆಗಳ ನಡುವೆ ಒಂದು ಸಾಮಾನ್ಯ ಅಂಗಳ. ಒಗೆಯುವುದು, ಒಣಗಿಸುವುದು, ಮಕ್ಕಳನ್ನು ಆಡಿಸುವುದು, ಜಗಳವಾಡುವುದು ಎಲ್ಲ ಅಲ್ಲೇ. ಗೋದಿಯ ಹಿಟ್ಟನ್ನು ಮನೆಯಲ್ಲಿ ನಾದಿ, ದೊಡ್ಡ ದೊಡ್ಡ ಉಂಡೆ ಮಾಡಿ, ಊರ ಒಲೆಗೆ ಬೇಯಿಸಲು ಕಳಿಸುತ್ತಿದ್ದರು. ಯಾರ ಬ್ರೆಡ್ಡು ಯಾರದೆಂದು ತಿಳಿಯಲು ಪ್ರತಿ ಮನೆಗೂ ಒಂದು ಮರದ ಅಚ್ಚು. ಹುಂಜದ ಚಿತ್ರವೋ, ಮನೆಯ ಯಜಮಾನನ ಹೆಸರಿನ ಅಕ್ಷರವೋ ಅದರಲ್ಲಿ ಕೆತ್ತಿರುತ್ತಿತ್ತು. ನಮ್ಮ ಓಣಿಯ ಗಿರಣಿಯಲ್ಲಿ ಜೋಳದ ಡಬ್ಬಿಗಳ ಮೇಲೆ ಹೆಸರು ಬರೆಸಿ ಸಾಲಾಗಿ ಇಡುತ್ತಿದ್ದೆವಲ್ಲ, ಹಾಗೆ. ಆಗಸ್ಟ್ ಒಂದನೇ ತಾರೀಖು, ಸುಗ್ಗಿ ಮುಗಿದ ಮೇಲೆ, ಅಂಗಳದ ನಡುವೆ ದೊಡ್ಡ ಪಾತ್ರೆ ಇಟ್ಟು, ಪ್ರತಿ ಮನೆಯವರೂ ತಂದ ಹಿಡಿಹಿಡಿ ಕಾಳುಗಳನ್ನು ಹಾಕಿ ಬೇಯಿಸಿ ಎಲ್ಲರೂ ಹಂಚಿಕೊಂಡು ಉಣ್ಣುವ ಪದ್ಧತಿಯಿತ್ತು. ಕಡಲೆ, ಹುರುಳಿಕಾಯಿ ಬೀಜ, ಚನ್ನಂಗಿ ಬೇಳೆ, ಗೋದಿ, ಎಲ್ಲವೂ ಒಂದೇ ಪಾತ್ರೆಯಲ್ಲಿ.

ಹಾಗಾದರೆ ಕೆಟ್ಟದ್ದು ಯಾವಾಗ? ರಾಜಧಾನಿ ಬೇರೆಡೆಗೆ ಹೋಯಿತು. ಅನುಕೂಲಸ್ಥರು ಮೇಲಿನ ಸಮತಟ್ಟಿಗೆ ಮನೆ ಕಟ್ಟಿಕೊಂಡು ಹೋದರು. ಕೆಳಗೆ ಉಳಿದವರು ಭೂಮಿಯಿಲ್ಲದ ಕೂಲಿಗಳು, ಕುರಿಗಾಹಿಗಳು. ಸಂಸಾರಗಳು ಬೆಳೆದವು, ಜಾಗ ಬೆಳೆಯಲಿಲ್ಲ. ನೀರಿನ ತೊಟ್ಟಿ, ದನದ ಕೊಟ್ಟಿಗೆ, ಕಡೆಗೆ ಹಳೆಯ ಕಲ್ಲುಗುಡಿಗಳು ಸಹ ಮನೆಗಳಾದವು. ಒಂದು ಕಾಲಕ್ಕೆ ದನಕ್ಕೆಂದು ಕೊರೆದಿದ್ದ ಗವಿಯಲ್ಲಿ ಈಗ ಎಂಟು ಜನ ಮತ್ತು ದನ. ಮಲೇರಿಯಾ ಹಬ್ಬಿತು, ಕಣ್ಣುಬೇನೆ ಹಬ್ಬಿತು, ಹಸುಗೂಸುಗಳು ಸಾಯತೊಡಗಿದವು.

1935ರಲ್ಲಿ ಫ್ಯಾಸಿಸ್ಟ್ ಸರ್ಕಾರ ಕಾರ್ಲೊ ಲೆವಿ ಎಂಬ ಉತ್ತರ ಇಟಲಿಯ ವೈದ್ಯ ಮತ್ತು ಚಿತ್ರಕಾರನನ್ನು ಈ ಸೀಮೆಗೆ ಗಡೀಪಾರು ಮಾಡಿತು. ಅವನು 1945ರಲ್ಲಿ ಪ್ರಕಟಿಸಿದ 'ಕ್ರಿಸ್ತ ಎಬೊಲಿಯಲ್ಲೇ ನಿಂತ' ಎಂಬ ಪುಸ್ತಕದಲ್ಲಿ ಮಾತೆರದ ವರ್ಣನೆ ಬರುತ್ತದೆ. ಅದನ್ನು ಕಂಡು ಬಂದು ಅವನಿಗೆ ಹೇಳಿದವಳು ಅವನ ತಂಗಿಯೋ ಅಕ್ಕನೋ ಆದ ಲೂಯಿಸಾ, ಅವಳೂ ವೈದ್ಯೆ. ಅವಳ ಹಿಂದೆ ಓಡಿಬಂದ ಮಕ್ಕಳು ಬೇಡಿದ್ದು ಕಾಸನ್ನಲ್ಲ, ಮಿಠಾಯಿಯನ್ನಲ್ಲ, ಮಲೇರಿಯಾದ ಕ್ವಿನೈನ್ ಮಾತ್ರೆಯನ್ನು. ಮಗ ಇದನ್ನು ಹೇಳಿದಾಗ ಮಗಳು ಫೋನನ್ನು ಚೀಲದೊಳಗೆ ಇಟ್ಟಳು.

ಪುಸ್ತಕ ಓದಿ ಇಟಲಿಯ ಓದುಬರಹದವರು ಬೆಚ್ಚಿಬಿದ್ದರು. 1948ರಲ್ಲಿ ಕಮ್ಯುನಿಸ್ಟ್ ನಾಯಕ ತೊಲ್ಯಾಟಿ ಬಂದು ನೋಡಿ ಇದು ರಾಷ್ಟ್ರದ ನಾಚಿಕೆ ಎಂದ. 1950ರಲ್ಲಿ ಪ್ರಧಾನಿ ದೆ ಗಾಸ್ಪೆರಿ ಬಂದ. 1952ರ ಮೇ ತಿಂಗಳಲ್ಲಿ ಕಾಯಿದೆಯಾಯಿತು. ಸಸ್ಸಿಯಲ್ಲಿದ್ದ ಸುಮಾರು ಹದಿನೈದು ಸಾವಿರ ಜನರಿಗೆ ಹೊಸ ಬಡಾವಣೆಗಳು. ಅವುಗಳಲ್ಲಿ ಲಾ ಮಾರ್ತೆಲ್ಲ ಎಂಬುದು ಏಳೆಂಟು ಕಿಲೋಮೀಟರ್ ದೂರದ ಹೊಸ ಹಳ್ಳಿ. ದೊಡ್ಡ ವಾಸ್ತುಶಿಲ್ಪಿಗಳು ಕೂಡಿ ಮಾಡಿದ ಯೋಜನೆ. ಪ್ರತಿ ಮನೆಗೂ ನೀರು, ಬೆಳಕು, ಮನೆಗೆ ಹೊಂದಿ ಬೇರೆಯಾದ ಕೊಟ್ಟಿಗೆ. ಮುಂದಿನ ವರ್ಷಗಳಲ್ಲಿ ಸಸ್ಸಿ ಖಾಲಿಯಾಗುತ್ತಾ ಹೋಯಿತು. ಬಿಟ್ಟುಹೋದವರು ಮರಳಿ ಬಂದು ಸೇರದಂತೆ ಬಾಗಿಲುಗಳಿಗೆ ಗೋಡೆ ಕಟ್ಟಿದರು. ಮನೆಗಳಲ್ಲಿ ಹೆಚ್ಚಿನವು ಸರ್ಕಾರದ ಸ್ವತ್ತಾದವು.

ಆ ಮೇಲೆ ನಡೆದದ್ದು ವಿಚಿತ್ರ. ಖಾಲಿ ಬಿದ್ದ ಊರಿಗೆ ಸಿನಿಮಾದವರು ಬಂದರು. 1964ರಲ್ಲಿ ಪಾಸೊಲಿನಿ ತನ್ನ ಕ್ರಿಸ್ತನ ಚಿತ್ರಕ್ಕೆ ಇದನ್ನೇ ಜೆರುಸಲೇಮ್ ಮಾಡಿದ. 1986ರಲ್ಲಿ ಸಸ್ಸಿಯನ್ನು ದುರಸ್ತಿ ಮಾಡಿ ಮತ್ತೆ ಜನವಸತಿ ತರಲು ಇನ್ನೊಂದು ಕಾಯಿದೆ. 1993ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದಿತು. 2019ಕ್ಕೆ ಯೂರೋಪಿನ ಸಾಂಸ್ಕೃತಿಕ ರಾಜಧಾನಿಯ ಪಟ್ಟವೂ ಬಂತು. ನಲವತ್ತೇ ವರ್ಷಗಳಲ್ಲಿ ರಾಷ್ಟ್ರದ ನಾಚಿಕೆ ಜಗತ್ತಿನ ಹೆಮ್ಮೆಯಾಯಿತು. ಕಲ್ಲು ಅದೇ, ಗವಿ ಅದೇ. ನಾಚಿಕೆಪಡಬೇಕು ಅಂದದ್ದೂ ಹೊರಗಿನವರು, ಹೆಮ್ಮೆಪಡಬೇಕು ಅಂದದ್ದೂ ಹೊರಗಿನವರು. ನಡುವೆ, ಆ ಕತ್ತಲಲ್ಲಿ ಹಿಟ್ಟು ನಾದಿದವಳಿಗೆ, ಪೆಟ್ಟಿಗೆಯ ಖಾನೆಯಲ್ಲಿ ಕೂಸು ಮಲಗಿಸಿದವಳಿಗೆ ಏನನ್ನಿಸಿತ್ತು? ನನಗೆ ಆ ಪ್ರಶ್ನೆಯನ್ನು ಕೇಳಲು ಮಾತೆರದ ಹೆಂಗಸು ಬೇಕಿರಲಿಲ್ಲ. ಪಕ್ಕದಲ್ಲೇ ಕೂತಿದ್ದರು.

ಸಂಜೆ ರೈಲಿಗೆ ಇನ್ನೂ ಹೊತ್ತಿತ್ತು. ಗಂಡಸರು ಕಾಫಿ ತರಲು ಹೋಗಿದ್ದರು. ಮಗಳು ಅತ್ತೆಯವರ ಕೈ ಹಿಡಿದು, 'ಆಯಿ, ನಿಜವಾಗ್ಲೂ ಮನೆಯೊಳಗೇ ದನ ಇದ್ವಾ? ಎಷ್ಟು ಚೆನ್ನಾಗಿತ್ತೇನೋ ಅಲ್ವಾ?' ಎಂದಳು.

'ಚೆಂದ ಏನ ಬಂತು ಕೂಸ' ಎಂದರು ಅತ್ತೆಯವರು. 'ಮಳಿಗಾಲದಾಗ ಮಾಳಿಗಿ ಸೋರಿ ರಾತ್ರಿಯೆಲ್ಲಾ ಪಾತೇಲಿ ಇಡೂದು. ಚಿಕ್ಕಾಡು, ನೊಣ. ನಿಮ್ಮಪ್ಪಗ ಮೊದಲು ಎರಡು ಕೂಸು ಆಗಿದ್ವು ನನಗ. ಎರಡೂ ಆ ಮನ್ಯಾಗ ಹ್ವಾದ್ವು. ಒಂದಕ್ಕ ಹನ್ನೊಂದು ದಿನ, ಒಂದಕ್ಕ ಮೂರು ತಿಂಗಳು. ದವಾಖಾನಿ ರೋಣದಾಗ. ಚಕ್ಕಡಿ ಹೂಡೂದರಾಗ ಮುಗದಿತ್ತು.'

ಮೂವತ್ತೊಂದು ವರ್ಷ ಒಂದೇ ಸೂರಿನಡಿ ಬಾಳಿದವಳು ನಾನು. ಮೂರು ತಿಂಗಳಿನ ಕೂಸಿನ ವಿಷಯ ನನಗೆ ಗೊತ್ತಿತ್ತು. ಹನ್ನೊಂದು ದಿನದ್ದು ಗೊತ್ತಿರಲಿಲ್ಲ.

ಧೈರ್ಯ ಮಾಡಿ ಕೇಳಿದೆ. 'ಅತ್ತಿ, ನಿಮ್ಮನ್ನ ಆ ಮನೀ ಬಿಡಿಸಿ ಕರ್ಕೊಂಡು ಬಂದದ್ದು ತಪ್ಪಾತೇನು?'

ಅವರು ಎದುರಿನ ಗವಿಬಾಯಿಗಳನ್ನೇ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಬಿಡಿಸಿದ್ದು ತಪ್ಪಲ್ಲವಾ. ನಳದ ನೀರು, ಗ್ಯಾಸು, ದವಾಖಾನಿ. ನಿನ್ನ ಮಕ್ಕಳಿಗೆ ಜ್ವರ ಬಂದಾಗ ಹತ್ತು ನಿಮಿಷಕ್ಕ ಡಾಕ್ಟರು. ನಾ ಯಾಕ ಬ್ಯಾಡ ಅನ್ನಲಿ? ಆದರ ಎತ್ತು ಮಾರೋ ದಿನ ನೀ ನನಗ ಒಂದು ಮಾತು ಕೇಳಲಿಲ್ಲ. ನಾ ಅವಕ್ಕ ಕಡೀ ಸಲ ಮೇವು ಹಾಕೂದಿತ್ತು. ನೀ ಮೂಗು ಮುಚ್ಚಿಕೊಂಡು ಬಂದಿ ನೋಡು, ಅವತ್ತಿನಿಂದ ನನಗ ಆ ಮನೀ ವಿಷಯ ನಿನ್ನ ಮುಂದ ತಗೀಲಿಕ್ಕೆ ನಾಚಿಕಿ. ನಾ ದಿನಾ ಮೂರು ಸಲ ಸಾರಸತಿದ್ದೆ ಆ ಮನೀನ.'

ಅದು ದೂರಿನ ದನಿಯಲ್ಲ. ಲೆಕ್ಕ ಒಪ್ಪಿಸುವ ದನಿ. ನಾನು ಏನೂ ಹೇಳಲಾಗದೆ ಅವರ ಕಾಲ ಬಳಿಯ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಮಗಳು ನಮ್ಮಿಬ್ಬರನ್ನೂ ನೋಡಿದಳು. ಅಷ್ಟರಲ್ಲಿ ಕಾಫಿ ಬಂತು. ಅಲ್ಲಿಯ ಕಾಫಿ ಎರಡೇ ಗುಟುಕು. 'ಇಷ್ಟಕ್ಕ ಅಷ್ಟು ರೊಕ್ಕಾ?' ಎಂದು ಅತ್ತೆಯವರು ಬೈದರು, ಎಲ್ಲರೂ ನಕ್ಕೆವು.

ಬಡತನಕ್ಕೂ ನಾಚಿಕೆಗೂ ನಾವು ಸುಲಭವಾಗಿ ಗಂಟು ಹಾಕಿಬಿಡುತ್ತೇವೆ. ಆ ಗವಿಗಳಿಂದ ಜನರನ್ನು ಹೊರತಂದದ್ದು ಸರಿಯೇ. ಕ್ವಿನೈನ್ ಬೇಡುವ ಮಕ್ಕಳನ್ನು ಪರಂಪರೆಯೆಂದು ಕರೆಯಲಾಗದು. ಆದರೆ ನಾಚಿಕೆಯೆಂಬುದು ಇದ್ದರೆ ಅದು ಅವರನ್ನು ಅಲ್ಲಿ ಅಷ್ಟು ಕಾಲ ಹಾಗೇ ಬಿಟ್ಟವರದು. ಇದ್ದುದರಲ್ಲೇ ಸಾರಿಸಿ ಗುಡಿಸಿ ಬಾಳಿದವರದಲ್ಲ. ಆವತ್ತು ಆರತಿ ತಟ್ಟೆಯೆದುರು ಈ ಮಾತು ನನಗೆ ಹೊಳೆಯಬೇಕಿತ್ತು. ಹೊಳೆಯಲು ಇಷ್ಟು ದೂರ ಹೋಗಬೇಕಾಯಿತು.

ಊರಿಗೆ ಬಂದ ಮೇಲೆ ದಸರೆಯ ರಜೆಯಲ್ಲಿ ಎಲ್ಲರೂ ಹಳ್ಳಿಗೆ ಹೋದೆವು. ಹಳೆಯ ಮನೆ ಎಂದೋ ಬಿದ್ದುಹೋಗಿದೆ, ಜಾಗದಲ್ಲಿ ಜಾಲಿ ಬೆಳೆದಿದೆ. 'ಗ್ವಾದಲಿ ಎಲ್ಲಿ ಹೋಯ್ತೋ' ಎಂದೆ. ಅತ್ತೆಯವರಿಗೆ ಗೊತ್ತಿತ್ತು. ಇಷ್ಟು ವರ್ಷವೂ ಗೊತ್ತಿತ್ತು. ನೇರವಾಗಿ ಪಕ್ಕದ ಮನೆಯ ಹಿತ್ತಲಿಗೆ ಕರೆದುಕೊಂಡು ಹೋದರು. ಬೇವಿನ ಮರದ ಕೆಳಗೆ ನಮ್ಮ ಕಲ್ಲಿನ ಗ್ವಾದಲಿ, ಅದಕ್ಕೆ ಕಟ್ಟಿದ ಒಂದು ಎಮ್ಮೆ. ಅಂಚು ನುಣ್ಣಗಿತ್ತು.

ಆ ಮನೆಯವರು ಒಂದು ಸಿವುಡು ಜೋಳದ ದಂಟು ತಂದುಕೊಟ್ಟರು. ಅತ್ತೆಯವರು ಅರ್ಧವನ್ನು ನನ್ನ ಕೈಗೆ ಕೊಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾವಿಬ್ಬರೂ ಮೇವು ಹಾಕಿದೆವು.